ಬೆರಳ ಗೆಣ್ಣಿನ ಕಪ್ಪು

ರಕ್ತ ತೆಗೆಯುವ ಮೊದಲು ಡಾಕ್ಟರಮ್ಮ ಹುಡುಗನ ಮುಂಗೈಯನ್ನು ಸ್ಪಿರಿಟ್ ಹಾಕಿದ ಹತ್ತಿಯಿಂದ ಒರೆಸಿದರು. ಬಿಳಿ ಹತ್ತಿ ಗೋಧಿಬಣ್ಣಕ್ಕೆ ತಿರುಗಿತು. ಅವರು ಇನ್ನೊಂದು ತುಂಡು ತೆಗೆದುಕೊಂಡು ಬೆರಳ ಗೆಣ್ಣುಗಳ ಮೇಲೆ ಉಜ್ಜಿದರು. ಬಣ್ಣ ಹೋದ ಕಡೆಯೆಲ್ಲ ಚರ್ಮ ಕರ್ರಗೆ, ಇದ್ದಿಲು ಮುಟ್ಟಿ ಬಂದವನ ಕೈಯಂತೆ ಕಂಡಿತು.

“ಏನಮ್ಮ ಇದು, ಇಷ್ಟು ಸಣ್ಣ ಹುಡುಗನ ಕೈಗೆ ಮೇಕಪ್ಪಾ?”

ತಾಯಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಎರಡು ಬೀದಿ ಕೂಡುವಲ್ಲಿ ಅವಳದೊಂದು ಬ್ಯೂಟಿ ಪಾರ್ಲರ್. ಮದುಮಗಳ ಮೊಡವೆ ಕಲೆಯನ್ನು ಇತ್ತೋ ಇಲ್ಲವೋ ಎನ್ನುವಂತೆ ಮುಚ್ಚುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಅದೇ ಕೈಚಳಕವನ್ನು ಬೆಳಿಗ್ಗೆ ಎಂಟು ವರ್ಷದ ಮಗನ ಕೈಗೂ ಕುತ್ತಿಗೆಗೂ ತೋರಿಸಿ ಕರೆತಂದಿದ್ದಳು. ದೊಡ್ಡ ಡಾಕ್ಟರ ಮುಂದೆ ಮಗು ಕೊಳಕಾಗಿ ಕಾಣಬಾರದಲ್ಲ!

“ಬಿಸಿಲಲ್ಲಿ ಆಡಿ ಆಡಿ ಕಪ್ಪಾಗಿದಾನೆ ಮೇಡಂ, ಅದಕ್ಕೆ ಸ್ವಲ್ಪ... ನಾವು ಬಂದಿರೋದು ಅದಕ್ಕಲ್ಲ. ಇವನು ಹೇಳಿದ್ದು ಕೇಳೋದೇ ಇಲ್ಲ. ಕಿವಿ ಡಾಕ್ಟ್ರಿಗೆ ತೋರಿಸ್ದೆ, ಕಿವಿ ಚೆನ್ನಾಗಿದೆ ಅಂದ್ರು. ಮಕ್ಕಳ ಡಾಕ್ಟ್ರು ಗಮನ ಕಮ್ಮಿ ಅಂದ್ರು. ಟೀಚರಂತೂ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗುತ್ತೆ ಅಂತಾರೆ. ಈಗ ಮೆಟ್ಟಿಲು ಇಳಿಯೋವಾಗ ಎಡವ್ತಾನೆ ಬೇರೆ.”

ಡಾಕ್ಟರಮ್ಮ ಹುಡುಗನ ಅಂಗೈ ಬಿಡಿಸಿದರು. ಗೆರೆಗಳೆಲ್ಲ ಮಸಿಯಲ್ಲಿ ಎಳೆದಂತಿದ್ದವು. ತುಟಿ ಎತ್ತಿ ನೋಡಿದರು, ಒಸಡೂ ಕಪ್ಪು.

“ಒಸಡಿಗೂ ಬಿಸಿಲು ಬೀಳುತ್ತೇನಮ್ಮಾ?” ಎಂದು ಕೇಳಿ, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತರು. “ನೋಡಿ, ಕಿಡ್ನಿ ಮೇಲೆ ಟೋಪಿ ಥರ ಒಂದು ಸಣ್ಣ ಗ್ರಂಥಿ ಇದೆ. ಅದು ಕೆಲಸ ನಿಲ್ಲಿಸಿದ್ರೆ ಮೈ ಹೀಗೆ ಕಪ್ಪಾಗುತ್ತೆ. ಗಂಡು ಮಕ್ಕಳಲ್ಲಿ ಅಪರೂಪಕ್ಕೆ ಬರೋ ಒಂದು ಕಾಯಿಲೆಯಲ್ಲಿ ಇದರ ಜೊತೆಗೆ ಮೆದುಳಿನ ನರಗಳ ಮೇಲಿರೋ ಹೊದಿಕೆನೂ ಕಳಚ್ತಾ ಹೋಗುತ್ತೆ. ಆಗ ಕಿವಿ ಚೆನ್ನಾಗೇ ಇರುತ್ತೆ. ಆದ್ರೆ ಕೇಳಿದ್ದು ಏನು ಅಂತ ಮೆದುಳಿಗೆ ಗೊತ್ತಾಗಲ್ಲ. ಇದು ಅದೇ ಅಂತ ಇನ್ನೂ ಹೇಳಲ್ಲ, ಅನುಮಾನ ಅಷ್ಟೇ. ಬೇಗ ಸಿಕ್ಕಿದ್ರೆ ಬೇರೆಯವರ ಮೂಳೆಮಜ್ಜೆ ಹಾಕಿ ತಡೀಬಹುದು. ತಡ ಆಗಿದ್ರೆ ಕಷ್ಟ. ಅದಕ್ಕೇ ಕೇಳ್ತಿದೀನಿ, ಈ ಕಪ್ಪು ಯಾವಾಗಿಂದ?”

“ಇತ್ತೀಚೆಗೆ ಮೇಡಂ. ಒಂದು ತಿಂಗಳಾಗಿರಬಹುದು.”

ಮಾತು ಬಾಯಿಂದ ಬಿದ್ದ ಕೂಡಲೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೋದ ಬೇಸಿಗೆಯಲ್ಲಿ, ಅರ್ಧ ಹುಬ್ಬು ತೀಡಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದ ಗಿರಾಕಿಯೊಬ್ಬಳು ಮೂಲೆಯಲ್ಲಿ ಪಾಠ ಬರೆಯುತ್ತಿದ್ದ ಹುಡುಗನ ಕುತ್ತಿಗೆ ನೋಡಿ, “ಊರಿಗೆಲ್ಲ ಹೊಳಪು ಕೊಡ್ತೀರಿ, ದೀಪದ ಬುಡದಲ್ಲೇ ಕತ್ತಲೆ!” ಎಂದು ನಕ್ಕಿದ್ದಳು. ಉಳಿದ ಕುರ್ಚಿಗಳಲ್ಲಿದ್ದವರೂ ನಕ್ಕರು. ಇವಳೂ ನಕ್ಕಳು. ಅಂದು ಸಂಜೆಯೇ ಮಗನನ್ನು ಬಚ್ಚಲಲ್ಲಿ ಕೂರಿಸಿ, ಗಿರಾಕಿಗಳ ಹಿಮ್ಮಡಿ ಉಜ್ಜುವ ಕಲ್ಲಿನಿಂದ ಕೈ ಉಜ್ಜಲು ಶುರುಮಾಡಿದಳು. “ಕೆಸರಲ್ಲಿ ಬಿದ್ದೆದ್ದ ಎಮ್ಮೆಕರು” ಎಂದು ಬೈದಳು. ಬಿಸಿಲಿಗೆ ಹೋಗೇ ಇಲ್ಲಮ್ಮ ಎಂದು ಅವನು ಅತ್ತರೆ, ಸುಳ್ಳು ಬೇರೆ ಹೇಳ್ತೀಯಾ ಎಂದು ಬೆನ್ನಿಗೊಂದು ಬಿಟ್ಟಳು. ಒಮ್ಮೆ ಗೆಣ್ಣಿನಲ್ಲಿ ರಕ್ತ ಜಿನುಗಿತು, ಕಪ್ಪು ಹೋಗಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಅವಳಿಗೆ ಮುತ್ತಿನಂಥ ಮಗನನ್ನು ನಾಲ್ಕು ಜನರ ಮುಂದೆ ನಿಲ್ಲಿಸಲು ನಾಚಿಕೆಯಾಗಿತ್ತು. ಉಜ್ಜಿ ಸೋತ ಮೇಲೆ ಬಳಿಯತೊಡಗಿದಳು. ಶಾಲೆಯ ಸಮಾರಂಭಕ್ಕೆ ಬಳಿದಳು, ನೆಂಟರ ಮನೆಗೆ ಹೋಗುವಾಗ ಬಳಿದಳು. ಹಿಂದಿನ ಆ ಇಬ್ಬರು ಡಾಕ್ಟರ ಬಳಿಗೂ ಬಳಿದೇ ಕರೆದೊಯ್ದಿದ್ದಳು.

ಡಾಕ್ಟರಮ್ಮ ಕಾಗದದ ಮೇಲೆ ‘ಒಂದು ತಿಂಗಳು’ ಎಂದು ಬರೆಯಲು ಪೆನ್ನು ಊರಿದರು.

“ಬರೀಬೇಡಿ ಮೇಡಂ.” ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ಹೋದ ಬೇಸಿಗೆಯಿಂದ ಇದೆ.”

“ಹೋದ ಬೇಸಿಗೆಯಿಂದಾನಾ? ಮತ್ತೆ ಇಬ್ಬರು ಡಾಕ್ಟ್ರಿಗೆ ತೋರಿಸ್ದೆ ಅಂದ್ರಲ್ಲ, ಅವರು ನೋಡ್ಲೇ ಇಲ್ವಾ?”

“ಅವರಿಗೆ ಕಾಣೋ ಹಾಗೆ ನಾನು ಬಿಟ್ಟಿರ್ಲಿಲ್ಲ.”

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಫೋನೆತ್ತಿ ಯಾರಿಗೋ, “ಇವತ್ತೇ ತಲೆ ಸ್ಕ್ಯಾನ್ ಆಗಬೇಕು, ನಾಳೆ ಅನ್ಬೇಡಿ” ಎಂದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹುಡುಗನಿಗೆ ಇಷ್ಟು ಹೊತ್ತಿನ ಮಾತಿನಲ್ಲಿ ಎಷ್ಟು ತಿಳಿಯಿತೋ. ಅಮ್ಮ ಅಳುವುದು ಮಾತ್ರ ಅವನಿಗೆ ಚೆನ್ನಾಗಿ ಕಂಡಿತು. ಅವನು ಟ್ರೇಯಲ್ಲಿದ್ದ ಒದ್ದೆ ಹತ್ತಿಯನ್ನು ತೆಗೆದುಕೊಂಡು, ಹಲ್ಲು ಕಚ್ಚಿ, ಗೆಣ್ಣುಗಳನ್ನು ಗಸಗಸ ಉಜ್ಜತೊಡಗಿದ.

“ಅಮ್ಮಂಗೆ ಬೈಬೇಡಿ ಡಾಕ್ಟ್ರೇ,” ಎಂದ. “ಇನ್ನೂ ಸ್ವಲ್ಪ ಜೋರಾಗಿ ಉಜ್ಜಿದ್ರೆ ಹೋಗುತ್ತೆ.”