ಕಚ್ಚಾ ಹೊಲಿಗೆ

ವಾದಿಮ್ ಚಹಾದ ಲೋಟಗಳನ್ನು ಪಕ್ಕಕ್ಕೆ ಸರಿಸಿ ಒಂದು ಉದ್ದನೆಯ ಬಿಳಿ ಪಟ್ಟಿಯನ್ನು ಮೇಜಿನ ಮೇಲೆ ಹರಡಿದ. ಅದರ ಮೇಲೆ ಚಿನ್ನದ ಬಣ್ಣದಲ್ಲಿ ‘ರಷ್ಯಾ ರಷ್ಯನ್ನರದು’ ಎಂದಿತ್ತು. ಪಕ್ಕದಲ್ಲಿ ಚಕ್ರವರ್ತಿಗಳ ಕಾಲದ ಎರಡು ತಲೆಯ ಹದ್ದು.

“ನಾಳೆ ಕ್ರಾಂತಿ ದಿನದ ಮೆರವಣಿಗೆಗೆ, ರೌಝಾ ಖಲೀಲೊವ್ನಾ. ಗಿರಣಿ ಬಾವುಟದ ಮೇಲೆ ಆ ಹಳೇ ಸಾಲು ಮುಚ್ಚೋ ಹಾಗೆ ಹೊಲಿದುಬಿಡಿ.”

ಆ ಹಳೇ ಸಾಲು ‘ಲೋಕದ ಕಾರ್ಮಿಕರೇ, ಒಂದಾಗಿ’. ಬಟ್ಟೆ ಗಿರಣಿಯ ಹೆಂಗಸರು ಪಾಳಿ ಮುಗಿಸಿ ಕೂತು, ಒಬ್ಬೊಬ್ಬಳು ಒಂದೊಂದು ಅಕ್ಷರಕ್ಕೆ ಕಸೂತಿ ಹಾಕಿದ್ದರು. ರಷ್ಯದವಳು, ಉಕ್ರೇನಿನವಳು, ಚುವಾಷಿನವಳು, ಯೆಹೂದಿ ಫಾನ್ಯಾ. ಕೊನೆಯ ಅಕ್ಷರ ತಾತಾರರ ರೌಝಾಳದು. ಆಮೇಲೆ ಗಿರಣಿ ಮುಚ್ಚಿತು, ದೇಶವೇ ಒಡೆದು ಚೂರಾಯಿತು, ಗಂಡನೂ ತೀರಿಕೊಂಡ. ಬಾವುಟ ಮಾತ್ರ ಅವಳ ಪೆಟ್ಟಿಗೆಯಲ್ಲಿ ಉಳಿಯಿತು. ಪ್ರತಿ ನವೆಂಬರಿನಲ್ಲೂ ಕ್ರಾಂತಿ ದಿನಕ್ಕೆ ಅದನ್ನು ಇಸ್ತ್ರಿ ಮಾಡುವವಳೂ ಅವಳೇ, ಹಿಡಿದು ನಡೆಯುವವಳೂ ಅವಳೇ.

“ರಷ್ಯಾ ರಷ್ಯನ್ನರದಾದ್ರೆ ನಾನು ಯಾರ ಮನೆಯೋಳಪ್ಪಾ?”

“ನಿಮ್ಮನ್ನ ಯಾರು ಅಂದ್ರು? ನೀವು ನಮ್ಮೋರೇ. ಬರೀ ಕೆಂಪು ಬಾವುಟಕ್ಕೆ ಈಗ ಜನ ಸೇರಲ್ಲ. ಪಾದ್ರಿಗಳೂ ಬಂದು ತೀರ್ಥ ಚಿಮುಕಿಸೋಕೆ ಒಪ್ಪಿದಾರೆ.”

“ಹದ್ದು, ಪಾದ್ರಿ, ಸುತ್ತಿಗೆ, ಕುಡುಗೋಲು. ಎಲ್ಲಾ ಒಂದೇ ಮಡಕೆಗೆ ಹಾಕಿ ಕುದಿಸ್ತೀಯ. ನೀನು ಶಾಲೇಲಿದ್ದಾಗ ನಿನ್ನ ಕೊರಳಿಗೆ ಪಕ್ಷದ ಬಾಲಸಂಘದ ಕೆಂಪು ವಸ್ತ್ರ ಕಟ್ಟಿದೋಳು ನಾನು ಕಣೋ.”

ವಾದಿಮ್ ಮುಖ ಗಂಟಿಕ್ಕಿಕೊಂಡ. ಈಗ ಅವನು ಕಮ್ಯುನಿಸ್ಟ್ ಪಕ್ಷದ ಊರ ಕಾರ್ಯದರ್ಶಿ. “ಆಗಲ್ಲ ಅಂದ್ರೆ ಬಾವುಟ ಕೊಟ್ಟುಬಿಡಿ. ಅದು ಪಕ್ಷದ ಆಸ್ತಿ. ಬೇರೆಯೋರು ಹೊಲೀತಾರೆ, ಬೇರೆಯೋರೇ ಹಿಡೀತಾರೆ.”

ಬೇರೆಯವರ ಕೈಗಂತೆ! ರೌಝಾ ಪಟ್ಟಿಯನ್ನು ಮಡಚಿ ತನ್ನ ಕಡೆಗೆ ಎಳೆದುಕೊಂಡಳು. “ಹೋಗು. ಹೊಲೀತೀನಿ.”

ಮರುದಿನ ಚೌಕದಲ್ಲಿ ಹಿಮ ಕರಗಿ ಕೆಸರಾಗಿತ್ತು. ರೌಝಾ ಬಾವುಟ ಹಿಡಿದು ಮುಂದೆ ನಿಂತಿದ್ದಳು, ಹಿಂದೆ ಗಿರಣಿಯ ಹಳೇ ಹೆಂಗಸರು. ಬಿಳಿ ಪಟ್ಟಿ ಕಂಡು ಅವರು ತಮ್ಮತಮ್ಮಲ್ಲೇ ಗೊಣಗಿದರು. ರೌಝಾ ತಿರುಗಿ ನೋಡಲಿಲ್ಲ. ಪಾದ್ರಿ ಕುಂಚವನ್ನು ತೀರ್ಥದಲ್ಲಿ ಅದ್ದಿ ಮೇಲೆತ್ತಿದರು. ವಾದಿಮ್ ಟೋಪಿ ತೆಗೆದ.

ರೌಝಾ ಕೋಲನ್ನು ಹೆಗಲಿಗೆ ಆನಿಸಿಕೊಂಡು, ಬಾವುಟದ ಅಂಚಿನಲ್ಲಿ ಇಳಿಬಿಟ್ಟಿದ್ದ ದಾರದ ತುದಿಯನ್ನು ಬೆರಳಿಗೆ ಸುತ್ತಿ ಎಳೆದಳು. ಪಟ್ಟಿಯ ಮೇಲಂಚಿಗೆ ಹಾಕಿದ್ದು ಒಂದೇ ಸಾಲು ಕಚ್ಚಾ ಹೊಲಿಗೆ, ಅದಕ್ಕೆ ಗಂಟೂ ಇರಲಿಲ್ಲ. ದಾರ ಸರ್ರನೆ ಬಂತು. ಹದ್ದಿನ ಸಮೇತ ಪಟ್ಟಿ ಕೆಸರಿಗೆ ಬಿತ್ತು. ಮೇಲೆ ಹಳೇ ಅಕ್ಷರಗಳು, ಒಂದೊಂದೂ ಒಂದೊಂದು ಕೈಯವು, ಗಾಳಿಗೆ ಬಿಚ್ಚಿಕೊಂಡವು. ಹಿಂದಿನಿಂದ ಯಾರೋ ಮುದುಕಿ ಅವನ್ನು ಗಟ್ಟಿಯಾಗಿ ಓದತೊಡಗಿದಳು.

“ಎತ್ತಿ ಅದನ್ನ,” ವಾದಿಮ್ ಹಲ್ಲು ಕಚ್ಚಿ ಹೇಳಿದ. “ಜನ ನೋಡ್ತಿದಾರೆ.”

“ಪಟ್ಟಿ ನಿಂದು, ನೀನೇ ಬಗ್ಗು,” ಎಂದಳು ರೌಝಾ. “ನನ್ನ ಕೈಲಿ ಬಾವುಟ ಇದೆ.”