ಲೈಸೆನ್ಸ್ ಬಂದ ಮೇಲೆ

ಹಫೀಜಾಳ ಹಿತ್ತಲಿನಲ್ಲಿ ನೀರಿನ ಪೈಪು ಒಡೆದಾಗ, ಲೈಸೆನ್ಸ್ ಇರುವ ಪ್ಲಂಬರ್ ಗಂಗಹನುಮಯ್ಯ ಅವಳದೇ ಮನೆಯ ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಟೀ ಕುಡಿಯುತ್ತಿದ್ದ. ಆದರೂ ಅವಳು ಅವನನ್ನು ದಾಟಿಕೊಂಡು ಬೀದಿಗೆ ಓಡಿ, ಸಾಬೀರನನ್ನು ಬರಹೇಳಿ ಎಂದು ಪಕ್ಕದ ಮನೆಯವರಿಗೆ ಕೂಗಿದಳು. ಸಾಬೀರ್ ಎಂದರೆ ಫ್ಯಾನು, ಮಿಕ್ಸಿ, ಬೀಗ, ನಲ್ಲಿ ಯಾವುದು ಕೆಟ್ಟರೂ ಬರುವವನು.

ಗಂಗಹನುಮಯ್ಯ ಲೋಟ ಕೆಳಗಿಟ್ಟು ಎದ್ದ. ತಾನೇ ನೋಡುತ್ತೇನೆ ಎಂದ.

“ಬ್ಯಾಡಿ ಸಾರ್, ನೀವು ಕೂತ್ಕಳಿ. ಇಂಥ ಸಣ್ಣ ಕೆಲ್ಸಕ್ಕೆಲ್ಲ ನೀವು ಕೈ ಹಾಕಬಾರ್ದು,” ಎಂದಳು ಹಫೀಜಾ.

ಅವನು ಕೂತ. ರಾಮನಗರದ ಇದೇ ಬೀದಿಯಲ್ಲಿ ಇಪ್ಪತ್ತು ವರ್ಷ ಸೈಕಲ್ಲಿಗೆ ಪೈಪ್ ರೆಂಚು ಕಟ್ಟಿಕೊಂಡು ತಿರುಗಿದವನು ಅವನು. ಈ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ತೊಟ್ಟಿಗಳಿಗೆ ನೀರು ಹರಿಸಿಕೊಟ್ಟವನೂ ಅವನೇ. ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದು, ಅಲ್ಲಿನ ಕೆಲಸಗಾರರಿಗೆ ಬಾಡಿಗೆಗೆ ಕೊಡಲು ಊರಿನವರು ಮನೆಯ ಮೇಲೆ ಮನೆ ಕಟ್ಟತೊಡಗಿದಾಗ, ಹೊಸ ನೀರಿನ ಸಂಪರ್ಕಕ್ಕೆ ಲೈಸೆನ್ಸ್ ಇರುವ ಪ್ಲಂಬರನ ಸಹಿ ಬೇಕು ಎಂದಾಯಿತು. ಗಂಗಹನುಮಯ್ಯ ನಲವತ್ತೆಂಟರ ವಯಸ್ಸಿನಲ್ಲಿ ಪುಸ್ತಕ ಹಿಡಿದ. ಆರು ತಿಂಗಳು ರೈಲಿನಲ್ಲಿ ಬೆಂಗಳೂರಿಗೆ ಓಡಾಡಿ, ಪರೀಕ್ಷೆ ಬರೆದು ಲೈಸೆನ್ಸ್ ತಂದ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ ದಿನ ಬೀದಿಯವರೆಲ್ಲ ಬಂದು ನೋಡಿ ಹೋದರು. ಮಾರನೆಯ ದಿನದಿಂದ ಅವನು ಯಾರ ಬಾಯಲ್ಲೂ ಗಂಗಣ್ಣನಾಗಿ ಉಳಿಯಲಿಲ್ಲ, ಸಾರ್ ಆದ.

ಸಾರ್ ಆದವನನ್ನು ತೊಟ್ಟಿಕ್ಕುವ ನಲ್ಲಿಗೆ ಯಾರು ಕರೆಯುತ್ತಾರೆ? ಸಹಿಗೆ ಕರೆದರು, ಟೀ ಕೊಟ್ಟರು, ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಲೈಸೆನ್ಸ್‌ನವರು ಒಂದು ವಾಷರ್ ಮುಟ್ಟಿದರೂ ಇಡೀ ಮನೆಯ ಪೈಪು ಬದಲಾಯಿಸಲೇಬೇಕು ಎಂದು ಯಾರೋ ಸುದ್ದಿ ಬೇರೆ ಹಬ್ಬಿಸಿದ್ದರು. ಅವನು ಬರುವುದು ಕಂಡರೆ ಸೋರುವ ನಲ್ಲಿಯ ಕೆಳಗಿಟ್ಟ ಬಕೆಟ್ಟನ್ನು ಎತ್ತಿ ಒಳಗಿಡುವವರೂ ಇದ್ದರು. ಇವತ್ತೂ ಅವನು ಬಂದದ್ದು ಹಫೀಜಾ ಮಹಡಿಯ ಮೇಲೆ ಕಟ್ಟಿಸಿದ್ದ ಎರಡು ರೂಮುಗಳ ಕಾಗದಕ್ಕೆ ಸಹಿ ಹಾಕಲು. ಅದು ಹಾಕಿ ಆಗಿತ್ತು.

ಸಾಬೀರ್ ಬಂದ. ಒಡೆದಿದ್ದು ಗೋಡೆಯ ಬುಡದಲ್ಲಿ, ಪೈಪು ತಿರುಗುವ ಕಡೆ ಇದ್ದ ಎಲ್ಬೋ. ಮೂರು ದಿನಕ್ಕೊಮ್ಮೆ ಬರುವ ನೀರು, ಬಂದಾಗ ರಭಸ ಜಾಸ್ತಿ. ನಿಲ್ಲಿಸೋಣವೆಂದರೆ ವಾಲ್ವು ತುಕ್ಕು ಹಿಡಿದು ಅಲುಗಾಡಲಿಲ್ಲ. ಸಾಬೀರ್ ಕಟಿಂಗ್ ಪ್ಲೇಯರಿನಲ್ಲಿ ಎಲ್ಬೋ ಹಿಡಿದು ಬಲವಾಗಿ ತಿರುಗಿಸಿದ. ಅದು ಕಿತ್ತು ಅವನ ಕೈಗೇ ಬಂತು. ನೀರು ಸೂರಿನ ಎತ್ತರಕ್ಕೆ ಚಿಮ್ಮಿತು. ನೋಡುನೋಡುತ್ತಿದ್ದಂತೆ ಹಿತ್ತಲು ತುಂಬಿ, ರೇಷ್ಮೆಗೂಡು ಹರಡಿದ್ದ ಕೋಣೆಯ ಹೊಸಿಲಿನವರೆಗೂ ನೀರು ಬಂತು. ಬೆಳಗ್ಗೆಯಷ್ಟೇ ಮಾರ್ಕೆಟ್ಟಿನಿಂದ ತಂದ ಗೂಡು. ಕೊಳಚೆ ನೀರಿನಲ್ಲಿ ನೆಂದರೆ ಆಯಿತು, ಎಸೆಯುವುದೊಂದೇ ದಾರಿ.

ಹಫೀಜಾ ಗೋಣಿಚೀಲಗಳನ್ನು ತಂದು ಹೊಸಿಲಿಗೆ ಒತ್ತಿ, ಅವುಗಳ ಮೇಲೆ ತಾನೇ ಕೂತುಬಿಟ್ಟಳು. ನೀರು ಅವಳ ಎರಡೂ ಪಕ್ಕದಿಂದ ಒಳಗೆ ನುಗ್ಗಿತು. ಅವಳು ಎಲ್ಬೋ ಹಿಡಿದು ನಿಂತ ಸಾಬೀರನನ್ನು ನೋಡಿದಳು. ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ ಗಂಗಹನುಮಯ್ಯನನ್ನು ನೋಡಿದಳು.

“ಗಂಗಣ್ಣ, ಗೂಡು ಹೋಯ್ತದೆ ಕಣಣ್ಣ,” ಎಂದಳು.

ಅಷ್ಟು ಸಾಕಾಯಿತು. ಅವನು ಇಸ್ತ್ರಿ ಪ್ಯಾಂಟಿನಲ್ಲೇ ಕೆಸರಿಗೆ ಮಂಡಿಯೂರಿ ಪೈಪಿನ ಬಾಯಿಗೆ ಅಂಗೈ ಒತ್ತಿದ. “ಲೇ, ಒಲೆ ಹತ್ರ ಸೌದೆ ಐತೆ, ಒಂದ್ ತಗಂಡು ತುದಿ ಚೂಪು ಮಾಡ್ಲಾ,” ಎಂದು ಸಾಬೀರನಿಗೆ ಹೇಳಿದ. ಆ ತುಂಡನ್ನು ಪೈಪಿಗೆ ತುರುಕಿ, ಕಲ್ಲಿನಿಂದ ಜಡಿದು, ಹಿತ್ತಲ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಬಿಗಿಯಾಗಿ ಸುತ್ತಿದ. ಅವನು ಓದಿದ ಪುಸ್ತಕದ ಯಾವ ಪುಟದಲ್ಲೂ ಈ ವಿದ್ಯೆ ಇರಲಿಲ್ಲ. ನೀರು ನಿಂತಿತು. ಅಂಚಿನ ಒಂದು ಮೊರದಷ್ಟು ಗೂಡು ನೆಂದಿತ್ತು, ಉಳಿದದ್ದು ಉಳಿಯಿತು. ತಲೆಯಿಂದ ನೀರು ಸುರಿಸುತ್ತ ಎದ್ದು ನಿಂತಾಗ ತಾನು ನಗುತ್ತಿದ್ದೇನೆ ಎಂಬುದು ಅವನಿಗೇ ಗೊತ್ತಾಯಿತು. ಎಷ್ಟು ದಿನವಾಗಿತ್ತೋ ಹೀಗೆ ಕೈ ಕೆಸರಾಗಿ.

ಹಫೀಜಾ ಸೆರಗು ಸರಿಮಾಡಿಕೊಂಡು ಎದ್ದಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅವಳ ಮುಖ ಸಣ್ಣದಾಯಿತು.

“ತಪ್ಪಾಯ್ತು ಸಾರ್. ಗಾಬರೀಲಿ ಬಾಯಿಗೆ ಬಂದಂಗೆ ಅಣ್ಣ ಅಂದ್ಬುಟ್ಟೆ,” ಎಂದಳು. ಕುರ್ಚಿ ಒರೆಸಿ ಮತ್ತೆ ಹಾಕಿದಳು. ನಾಳೆ ನೀನೇ ಬಂದು ಹೊಸ ಎಲ್ಬೋ ಹಾಕು, ಸಾರ್‌ಗೆ ಇನ್ನು ತೊಂದರೆ ಕೊಡುವುದು ಬೇಡ ಎಂದು ಅವನೆದುರಿಗೇ ಸಾಬೀರನಿಗೆ ಹೇಳಿದಳು.

ಗಂಗಹನುಮಯ್ಯ ಕೂರಲಿಲ್ಲ. ಒದ್ದೆ ಬಟ್ಟೆಯಲ್ಲೇ ಬೀದಿಗಿಳಿದ. ತಿರುವಿನ ಹೊಸ ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸು ಅವನ ಕೆಸರು ಮೈ ನೋಡಿ, ನಲ್ಲಿ ರಿಪೇರಿಯವನೇ ಎಂದು ಕೇಳಿದಳು. ಅಕ್ಬರಿ ಬೇಗಂ ಅಂತ, ಆ ತಿಂಗಳಷ್ಟೇ ಮಾಗಡಿಯಿಂದ ಬಾಡಿಗೆಗೆ ಬಂದವಳು. ಅಡುಗೆಮನೆಯ ನಲ್ಲಿ ವಾರದಿಂದ ಸೋರುತ್ತಿದೆ ಎಂದಳು. ಅವನು ಹೌದೆಂದು ಮೆಟ್ಟಿಲು ಹತ್ತಿದ. ಬೀದಿಯವರ ಮಾತು ಅವಳ ಕಿವಿಗೂ ಬಿದ್ದಿತ್ತು. ಏನೋ ಅನುಮಾನ ಬಂದು ಬಾಗಿಲಿಗೆ ಅಡ್ಡ ನಿಂತಳು.

“ಲೈಸೆನ್ಸು ಗೀಸೆನ್ಸು ಇರೋರಲ್ಲ ತಾನೆ?”

“ಅಂಥದ್ದೇನೂ ಇಲ್ಲ ಕಣಮ್ಮ,” ಎಂದ ಗಂಗಹನುಮಯ್ಯ, ಪ್ಯಾಂಟನ್ನು ಇನ್ನೊಂದು ಮಡಿಕೆ ಮೇಲೇರಿಸಿಕೊಳ್ಳುತ್ತ.