ಬಾಯಿಬಿಡದ ನೇಕಾರ

ಕೂಸಿಗೆ ಚರ್ಚಿನಲ್ಲಿ ಮಾಡಿಸಿದ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲವೆಂದು, ಕಾನೂನು ಮೀರಿ ದೊಡ್ಡವರಿಗೆ ಮತ್ತೆ ದೀಕ್ಷಾಸ್ನಾನ ಮಾಡಿಸುತ್ತಿದ್ದ ನೇಕಾರ ಬಾರ್ತೆಲನಿಗೆ ಹೊಳೆಯಲ್ಲಿ ಮುಳುಗಿಸುವ ಶಿಕ್ಷೆಯಾಯಿತು. ತೀರ್ಪು ಕೊಟ್ಟ ನ್ಯಾಯಾಧೀಶರಿಗೇ ಮನಸ್ಸಿರಲಿಲ್ಲ. ಅಷ್ಟು ಚೆನ್ನಾಗಿ ಬಟ್ಟೆ ನೇಯುವವನು ಊರಲ್ಲಿ ಇನ್ನೊಬ್ಬನಿರಲಿಲ್ಲ.

"ನಿನ್ನಿಂದ ದೀಕ್ಷೆ ಪಡೆದ ಒಬ್ಬರ ಹೆಸರು ಹೇಳಿಬಿಡು ಮಾರಾಯ, ಬಿಟ್ಟುಬಿಡ್ತೀನಿ," ಎಂದು ನ್ಯಾಯಾಧೀಶರು ದಡದಿಂದ ಕೂಗಿದರು.

"ಹೇಳಲ್ಲ ಸ್ವಾಮಿ," ಎಂದ, ದೋಣಿಯಲ್ಲಿ ಕೈಕಾಲು ಕಟ್ಟಿಸಿಕೊಂಡು ಕೂತಿದ್ದ ಬಾರ್ತೆಲ್.

"ಅರ್ಧ ಹೆಸರು?"

"ಊಹೂಂ."

"ಹೋಗಲಿ, ಮೊದಲಕ್ಷರ?"

"ನೀವು ಊಟಕ್ಕೆ ಹೊರಡಿ ಸ್ವಾಮಿ, ಹೊತ್ತಾಯಿತು."

ನ್ಯಾಯಾಧೀಶರು ಕಣ್ಣು ಮುಚ್ಚಿಕೊಂಡು ಕೈ ಎತ್ತಿದರು; ಅಂಬಿಗರು ಅವನನ್ನು ನೀರಿಗೆ ತಳ್ಳಿದರು. ಬಾರ್ತೆಲ್ ಹಾಡುತ್ತಲೇ ಮುಳುಗಿದ. ನೀರಿನ ಮೇಲೆ ನಾಲ್ಕು ಗುಳ್ಳೆ ಎದ್ದು ಒಡೆದವು.

ನ್ಯಾಯಾಧೀಶರ ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ಗಂಡನ ತೋಳು ಹಿಡಿದು ಹೇಳಿದಳು: "ರೀ, ದೋಣಿ ವಾಪಸ್ ತರಿಸಿ, ಮುಂದಿನ ಸರದಿ ನಂದು."